ಎರಡು ಸಲ ಹೋದ ಲಾರಿ

ನಮ್ಮ ಅಜ್ಜಿ ಮಾತೆತ್ತಿದರೆ ‘ಅನುಮಾನಂ ಪೆದ್ದರೋಗಂ’ ಎನ್ನುತ್ತಿದ್ದಳು. ಆಂಧ್ರದ ಗಡಿಯಿಂದ ಮದುವೆಯಾಗಿ ಬಂದವಳು. ಬೈಗುಳವೆಲ್ಲ ಕನ್ನಡದಲ್ಲಿ, ಬುದ್ಧಿಮಾತೆಲ್ಲ ತೆಲುಗಿನಲ್ಲಿ. ಅನುಮಾನ ದೊಡ್ಡ ರೋಗ ಎಂಬ ಆ ಮಾತನ್ನು ಅವಳು ಹೆಚ್ಚಾಗಿ ನನ್ನ ಮುಖ ನೋಡಿಯೇ ಹೇಳುತ್ತಿದ್ದಳು. ಸಂತೆಯಿಂದ ತಂದ ಮಾವಿನಹಣ್ಣನ್ನು ನಾನು ಕಡೆಯ ಪಕ್ಷ ಮೂರು ಕಡೆ ಮೂಸದೆ ಬಾಯಿಗಿಡುತ್ತಿರಲಿಲ್ಲ. ಮುಂದೆ ಆ ರೋಗವನ್ನೇ ಕಸುಬು ಮಾಡಿಕೊಂಡು ಸಿನಿಮಾ ಸಂಕಲನಕ್ಕೆ ಸೇರಿದೆ. ಬೇರೆಯವರು ಚಿತ್ರಿಸಿ ತಂದ ತುಣುಕುಗಳನ್ನು ಕತ್ತರಿಸಿ ಜೋಡಿಸುವ ಕೆಲಸ. ಸಂಕಲನಕಾರರ ಮುಂದೆ ಎಲ್ಲರೂ ಸುಳ್ಳು ಹೇಳುತ್ತಾರೆ. ಫೋಕಸ್ ಬೇಕೆಂದೇ ತಪ್ಪಿಸಿದ್ದು ಎನ್ನುತ್ತಾನೆ ಕ್ಯಾಮೆರಾದವನು. ಗ್ಲಿಸರಿನ್ ಹಾಕದೆ ಅತ್ತೆ ಎನ್ನುತ್ತಾಳೆ ನಟಿ. ಕತ್ತಲ ಕೋಣೆಯಲ್ಲಿ ಕೂತು ಯಾರನ್ನೂ ನಂಬದೆ ನೋಡುವುದಕ್ಕೆ ನನಗೆ ಸಂಬಳ ಬರುತ್ತಿತ್ತು.

ಕಣ್ಣು ದಣಿದು ಹೊಸಪೇಟೆಗೆ ವಾಪಸು ಬಂದ ಮೇಲೆ, ಊರಿನ ಗೆಳತಿಯೊಬ್ಬಳ ಒತ್ತಾಯಕ್ಕೆ ಮನೆಯ ಮೇಲಿನ ಕೋಣೆಯಲ್ಲಿ ಭಾನುವಾರದ ಪಾಠ ಶುರುಮಾಡಿದೆ. ಮೊದಲ ಸಿನಿಮಾ ಮಾಡಬೇಕೆನ್ನುವ ಹುಡುಗ ಹುಡುಗಿಯರಿಗೆ. ಮೊದಮೊದಲು ಕೋಣೆ ತುಂಬಿತ್ತು, ಚಪ್ಪಲಿಗಳು ಮೆಟ್ಟಿಲಿನ ತುದಿಯವರೆಗೆ ಇರುತ್ತಿದ್ದವು. ನನ್ನ ನಾಲಿಗೆಯ ಖಾರಕ್ಕೆ ಒಬ್ಬೊಬ್ಬರಾಗಿ ಕಡಿಮೆಯಾದರು. ಒಬ್ಬ ಹುಡುಗನಿಗೆ, ನಿನ್ನ ಸಿನಿಮಾ ನೋಡಿದರೆ ನಿನಗಿಂತ ನಿನ್ನ ಬೈಕು ಚೆನ್ನಾಗಿ ನಟಿಸಿದೆ ಎಂದೆ; ಅವನು ಬೈಕು ಹತ್ತಿ ಹೋದವನು ತಿರುಗಿ ಬರಲಿಲ್ಲ. ಕೊನೆಗೆ ಉಳಿದವರು ಇಬ್ಬರು.

ಒಬ್ಬ ಕಂಪ್ಲಿಯವನು. ಮದುವೆ ವಿಡಿಯೊ ತೆಗೆಯುವುದು ಅವನ ಉದ್ಯೋಗ. ತಂದೆ ತಾಯಿ ಅಕ್ಕಿ ಗಿರಣಿಯಲ್ಲಿ ದುಡಿದು ಬೆಳೆಸಿದ್ದರು. ಇವನು ಸ್ವಂತ ಸ್ಟುಡಿಯೊ, ಡ್ರೋನು, ಎಲ್ಲಕ್ಕೂ ಒಂದೇ ‘ಮಸ್ತ್’ ಎಂಬ ಮಾತು ಸಂಪಾದಿಸಿಕೊಂಡಿದ್ದ. ಇನ್ನೊಬ್ಬಳು ಸಂಡೂರಿನವಳು, ಖಾಸಗಿ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರು. ಕೇಳಿದ್ದಕ್ಕೆ ಮಾತ್ರ ಉತ್ತರ, ಅದೂ ಅಳೆದು. ಅವನ ಮಾತು ಜಾಸ್ತಿಯಾಯಿತೆಂದು ಅವನ ಮೇಲೆ ಅನುಮಾನ, ಅವಳ ಮಾತು ಕಡಿಮೆಯಾಯಿತೆಂದು ಅವಳ ಮೇಲೆ ಅನುಮಾನ. ಅವಳು ನಿರ್ದೇಶಕಿ, ಅವನು ಕ್ಯಾಮೆರಾ ಎಂದು ಅವರೇ ಹಂಚಿಕೊಂಡಿದ್ದರು.

ಇವರಿಬ್ಬರೇ ಉಳಿದ ಮೇಲಿನ ಮೊದಲ ಪಾಠಕ್ಕೆ ಹಂಪಿಗೆ ಕರೆದುಕೊಂಡು ಹೋದೆ. ಗುಡಿ ಗೋಪುರ ತೆಗೆಯಕೂಡದು, ಅದನ್ನು ತೆಗೆಯಲು ಲೋಕವೇ ಬರುತ್ತದೆ. ಬಾಳೆತೋಟದ ಕಾಲುದಾರಿಯ ಬಾಯಲ್ಲಿ ಕ್ಯಾಮೆರಾ ಇಟ್ಟು ಸುಮ್ಮನೆ ಕೂರಿ, ಬಂದದ್ದು ಬರಲಿ, ಯಾರನ್ನೂ ಏನೂ ಕೇಳಬೇಡಿ ಎಂದೆ. ನಾನು ಎಳನೀರು ಕುಡಿದು ಬರುವಷ್ಟರಲ್ಲಿ ಕಂಪ್ಲಿಯ ಹುಡುಗ ಬಾಳೆಗೊನೆ ಹೊತ್ತ ಹೆಂಗಸೊಬ್ಬಳನ್ನು ಹಿಂದಕ್ಕೆ ಕಳಿಸಿ ಮತ್ತೊಮ್ಮೆ ನಡೆಸುತ್ತಿದ್ದ. ಅವಳೂ ನಗುತ್ತ ಸೆರಗು ಸರಿಮಾಡಿಕೊಂಡು ಎರಡನೇ ಸಲ ಬಂದಳು, ಈ ಸಲ ಮೊದಲಿಗಿಂತ ಚಂದವಾಗಿ. ನಾನು ಅಲ್ಲೇ ಅವನ ಚಳಿ ಬಿಡಿಸಿದೆ. ನಡೆದದ್ದನ್ನು ಹಿಡಿಯುವ ಸಿನಿಮಾದಲ್ಲಿ ‘ಇನ್ನೊಂದು ಸಲ’ ಎಂಬ ಮಾತಿಲ್ಲ, ಹೋದದ್ದು ಹೋಯಿತು ಎಂದೆ. ಹುಡುಗ ತಲೆ ಕೆರೆದುಕೊಂಡು, ತಮ್ಮ ಲೈನಿನಲ್ಲಿ ಹಾಗೆ ಬಿಟ್ಟರೆ ಗಿರಾಕಿ ಬಿಡುವುದಿಲ್ಲ ಎಂದ. ಹುಡುಗಿ ದುಪಟ್ಟಾದ ತುದಿಯಿಂದ ಲೆನ್ಸು ಒರೆಸುತ್ತ ನಿಂತಿದ್ದಳು. ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ.

ಅವಳು ಮಾಡಹೊರಟದ್ದು ಅಪ್ಪನ ಸಿನಿಮಾ. ಅಪ್ಪ ಅದಿರು ಲಾರಿಯ ಡ್ರೈವರು, ಲಾರಿ ಸ್ವಂತದ್ದು. ಗಣಿಯಿಂದ ಫ್ಯಾಕ್ಟರಿಗೆ ಅದಿರು ಹೊರಲು ಕನ್ವೇಯರ್ ಬೆಲ್ಟು ಬಂದ ಮೇಲೆ ಲಾರಿಗೆ ಕೆಲಸ ಕಡಿಮೆಯಾಯಿತು, ಅವರ ಮಂಡಿನೋವು ಜಾಸ್ತಿಯಾಯಿತು. ಬೇಸಗೆಯಲ್ಲಿ ಗಾಡಿ ಮಾರುವುದೆಂದು ಗೊತ್ತಾದ ಮೇಲೆ, ಕೊನೆಯ ತಿಂಗಳುಗಳಲ್ಲಿ ಅಪ್ಪ ಮತ್ತು ಲಾರಿ ಹೇಗಿದ್ದಾರೆಂದು ಚಿತ್ರಿಸಬೇಕು, ಲಾರಿ ಹೊರಟುಹೋಗುವಲ್ಲಿಗೆ ಸಿನಿಮಾ ಮುಗಿಯಬೇಕು ಎಂದಳು. ಅಪ್ಪ ಒಂದೇ ಷರತ್ತಿನ ಮೇಲೆ ಒಪ್ಪಿದ್ದರಂತೆ: ಸಿನಿಮಾ ಮುಗಿದ ಮೇಲೆ ಸಂಡೂರಿನಲ್ಲಿ ತನ್ನ ಜೊತೆಯ ಡ್ರೈವರುಗಳಿಗೆ ಅದನ್ನು ತೋರಿಸಬೇಕು. ನನ್ನದೂ ಒಂದು ಷರತ್ತು. ಚಿತ್ರಿಸಿದ್ದನ್ನೆಲ್ಲ ಹಸಿಯಾಗಿ ತರಬೇಕು, ಆರಿಸಿ ತರಕೂಡದು. ಹೊಲಿದ ಅಂಗಿಯನ್ನು ತಿರುವಿ ನೋಡದೆ ನಾನು ಚೆನ್ನಾಗಿದೆ ಎನ್ನುವವಳಲ್ಲ.

ತಂದಳು. ನೋಡಿದೆ. ಮೊಸರಲ್ಲಿ ಕಲ್ಲು ಹುಡುಕುವ ನನಗೂ ಹೆಚ್ಚು ಕಲ್ಲು ಸಿಗಲಿಲ್ಲ. ಬೆಳಗ್ಗೆ ಗಾಡಿ ತೆಗೆಯುವ ಮುಂಚೆ ಅಪ್ಪ ಕಬ್ಬಿಣದ ಸರಳು ಹಿಡಿದು ಒಂದೊಂದೇ ಟೈರನ್ನು ತಟ್ಟಿ, ಸದ್ದು ಕೇಳಿ, ಮುಂದಿನದಕ್ಕೆ ಹೋಗುವುದು. ಮಧ್ಯಾಹ್ನ ಲಾರಿಯ ನೆರಳಲ್ಲಿ ರೊಟ್ಟಿ ಬಿಚ್ಚಿ, ಮೊದಲ ತುತ್ತನ್ನು ಮುಂದಿನ ಗಾಲಿಯ ಹತ್ತಿರ ಇಡುವುದು. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎನ್ನುತ್ತಾರೆ. ಬೇಸಗೆಯ ಸಂಡೂರಿನಲ್ಲಿ ಎಂಥ ಕಣ್ಣಿಗೂ ಲೋಕ ಕೆಂಪೇ. ರಸ್ತೆ, ಅಂಗಡಿಯ ತಗಡು, ಎಮ್ಮೆಯ ಬೆನ್ನು, ಅವರ ಮನೆಯ ಮುಂದಿನ ಹೊಂಗೆಯ ಮರದ ಒಂದೊಂದು ಎಲೆ, ಎಲ್ಲದರ ಮೇಲೆ ಅದಿರಿನ ಧೂಳು. ಅದನ್ನು ಅವಳು ವರ್ಣಿಸಲು ಹೋಗಿರಲಿಲ್ಲ. ಅಲ್ಲೇ ಹುಟ್ಟಿದವಳಿಗೆ ಅದು ಕಾಣುತ್ತಲೂ ಇರಲಿಲ್ಲವೇನೋ. ಆ ದಿನ ನಾನು ಅವಳಿಗೆ ಎರಡನೇ ಲೋಟ ಚಹಾ ಕೊಟ್ಟೆ. ನನ್ನ ಮನೆಯಲ್ಲಿ ಅದು ದೊಡ್ಡ ಮರ್ಯಾದೆ.

ಮೇ ತಿಂಗಳಲ್ಲಿ ಲಾರಿ ಹೋಯಿತು ಎಂದು ಫೋನು ಮಾಡಿದಳು. ಕೊಂಡವನು ಬೇರೆ ರಾಜ್ಯದವನಂತೆ. ಶೂಟಿಂಗ್ ಆಯಿತಾ ಎಂದರೆ ಆಯಿತು ಎಂದಳು. ತೆಗೆದುಕೊಂಡು ಬಾ ಎಂದರೆ ಶಾಲೆ ಶುರುವಾಗುತ್ತಿದೆ, ತಾಯಿಗೆ ಆರಾಮಿಲ್ಲ, ಹುಡುಗನಿಗೆ ಮದುವೆ ಸೀಸನ್ನು ಎಂದು ದಿನ ತಳ್ಳಿದಳು. ನನ್ನ ರೋಗ ಕೆದರಿತು. ಕೊನೆಗೆ ಜೂನು ಕಳೆದ ಮೇಲೆ ಇಬ್ಬರೂ ಬಂದರು. ಆ ದಿನದ್ದೆಂದು ತಂದದ್ದು ಒಂದೇ ಶಾಟು.

ಎಂಥ ಶಾಟು! ಲಾರಿ ನಿಧಾನವಾಗಿ ಹೊಂಗೆಯ ಮರ ದಾಟುತ್ತದೆ. ಅಪ್ಪ ಹೆಗಲ ಮೇಲೆ ಟವೆಲು ಹಾಕಿಕೊಂಡು, ಬೆನ್ನು ಅರ್ಧ ನಮ್ಮ ಕಡೆಗೆ ಮಾಡಿ ನಿಂತಿದ್ದಾರೆ. ಕೈ ಮೇಲೇಳುತ್ತದೆ. ಲಾರಿ ತಿರುವಿನಲ್ಲಿ ಮರೆಯಾದ ಮೇಲೂ ಕೈ ಹಾಗೇ ಇದ್ದು, ಆಮೇಲೆ ಇಳಿದು, ಟವೆಲಿನ ತುದಿಯನ್ನು ಕಣ್ಣಿಗೆ ಒತ್ತುತ್ತದೆ. ನಾನೂ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡೆ. ಒರೆಸಿಕೊಂಡ ತಕ್ಷಣ ಎಚ್ಚರವಾದೆ. ಇಷ್ಟು ವರ್ಷದಲ್ಲಿ ನನ್ನ ಕಣ್ಣು ಒದ್ದೆ ಮಾಡಿದ ಶಾಟುಗಳೆಲ್ಲ ಯಾರೋ ಚೆನ್ನಾಗಿ ಯೋಚಿಸಿ ಮಾಡಿದಂಥವೇ.

ಮತ್ತೆ ಹಾಕಿಸಿದೆ. ಮೊದಲ ಅನುಮಾನ, ಶಾಟಿನ ಎರಡೂ ತುದಿ ಶುಭ್ರವಾಗಿದ್ದವು. ಹಸಿ ಶಾಟಿಗೆ ಹಿಂದೆ ಮುಂದೆ ಕಸ ಇರುತ್ತದೆ. ಕ್ಯಾಮೆರಾದವನ ಕೆಮ್ಮು, ಅಲುಗಾಟ, ‘ಆನ್ ಆತೇನಲೇ’ ಎಂಬ ಪ್ರಶ್ನೆ. ಇದರಲ್ಲಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕಸ ತೆಗೆದಿದ್ದರು. ಎರಡನೆಯದು ಲಾರಿಯ ನಂಬರ್ ಪ್ಲೇಟು. ಅದಕ್ಕೆ ಮೆತ್ತಿದಂತೆ ಕೆಸರು. ಮೂರನೆಯ ಸಲ ನೋಡಿದಾಗ ಹೊಂಗೆಯ ಮರ ಕಣ್ಣಿಗೆ ಬಿತ್ತು. ತೊಳೆದಿಟ್ಟ ಹಾಗೆ ಹಸಿರು. ಒಂದು ಎಲೆಯ ಮೇಲೂ ಧೂಳಿಲ್ಲ. ಲಾರಿ ಹೋಗಿದ್ದು ಮೇ ತಿಂಗಳಲ್ಲಿ. ಆ ತಿಂಗಳು ಸಂಡೂರಿಗೆ ಹನಿ ಮಳೆ ಬಿದ್ದಿರಲಿಲ್ಲವೆಂದು ಅವಳೇ ಫೋನಿನಲ್ಲಿ ಹೇಳಿದ್ದಳು.

ಇದು ಯಾವತ್ತಿನದು ಎಂದು ಕೇಳಿದೆ. ಹುಡುಗ ತಕ್ಷಣ ಡ್ರೋನಿನ ಚೀಲದ ಜಿಪ್ಪು ಎಳೆಯುವುದರಲ್ಲಿ ಮಗ್ನನಾದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ.

“ಅವತ್ತಿಂದೇ ರೀ” ಎಂದಳು ಹುಡುಗಿ.

ಎಲೆ ತೋರಿಸಿದೆ. ಬೆಳಗ್ಗೆ ಪೈಪು ಹಿಡಿದು ಮರಕ್ಕೆ ನೀರು ಹೊಡೆದಿದ್ದೆವು ಎಂದಳು. ಪ್ಲೇಟು ತೋರಿಸಿದೆ. ಅದೇ ನೀರಿನ ಕೆಸರು ಎಂದಳು. ಉತ್ತರಗಳು ಒಂದಕ್ಕೊಂದು ಸರಿಹೋಗುತ್ತಿದ್ದವು. ಅದಕ್ಕೇ ನನಗೆ ಸಿಟ್ಟು ನೆತ್ತಿಗೇರಿತು. ಅಪ್ಪನ ಕಣ್ಣೀರಿಗೂ ಪೈಪು ಹಿಡಿದಿದ್ದೆಯಾ ಎಂದುಬಿಟ್ಟೆ. ಅವಳು ಲ್ಯಾಪ್‌ಟಾಪು ಮುಚ್ಚಿ, ದುಪಟ್ಟಾದಿಂದ ಅದನ್ನು ಒರೆಸಿ, ನಮಸ್ಕಾರ ಹೇಳಿ ಮೆಟ್ಟಿಲಿಳಿದು ಹೋದಳು. ಹುಡುಗ ಅವಳ ಹಿಂದೆ. ಇಟ್ಟ ಚಹಾ ಹಾಗೇ ಇತ್ತು. ಆಮೇಲೆ ಬಹಳ ದಿನ ನನ್ನ ಫೋನು ಎತ್ತಲಿಲ್ಲ. ನಾನೂ ಬಿಡಲಿಲ್ಲ, ನೋಡುವ ಮೊದಲೇ ನನ್ನ ಕಂಪ್ಯೂಟರಿಗೆ ಹಾಕಿಕೊಂಡಿದ್ದ ಆ ಶಾಟಿನ ಒಂದು ಪ್ರತಿ ಉಳಿದಿತ್ತು, ದಿನಾ ಹಾಕಿ ನೋಡುತ್ತಿದ್ದೆ. ಲಾರಿ ಬೇರೆ ರಾಜ್ಯಕ್ಕೆ ಹೋಗಿದೆ. ಮಳೆ ಬಂದದ್ದು ಆಮೇಲೆ. ಹಾಗಾದರೆ ಹೊಂಗೆಯ ಮರ ದಾಟುತ್ತಿರುವುದು ಯಾರ ಲಾರಿ?

ಹುಡುಗಿಯ ಹತ್ತಿರ ಬಾಗಿಲು ಮುಚ್ಚಿದ್ದರಿಂದ ಹುಡುಗನ ಬಾಗಿಲು ತಟ್ಟಿದೆ. ಕಂಪ್ಲಿಯಲ್ಲಿ ಒಂದು ಮದುವೆಗೆ ಬನ್ನಿ ಎಂದು ಅವನು ಹಿಂದೆಯೇ ಕರೆದಿದ್ದ, ತನ್ನ ಕೆಲಸ ನೋಡಲಿ ಎಂಬ ಆಸೆಯಿಂದ. ನಾನು ಹೋದದ್ದು ಜಪ್ತಿಗೆ ಬಂದ ಅಮೀನನ ಹಾಗೆ. ಕಾಲುವೆಯ ಪಕ್ಕದ ಕಲ್ಯಾಣಮಂಟಪ, ಹೊರಗೆ ಭತ್ತದ ಗದ್ದೆ, ಒಳಗೆ ಜನ. ತಾಳಿ ಕಟ್ಟುವ ಹೊತ್ತಿಗೆ ಮದುಮಗನ ಸೋದರಮಾವ ಭಕ್ತಿಯಿಂದ ಬಾಗಿ, ತಮ್ಮ ವಿಶಾಲವಾದ ಬೆನ್ನನ್ನು ಕ್ಯಾಮೆರಾಕ್ಕೆ ಅಡ್ಡ ತಂದರು. ವಾಲಗ ಮೊರೆಯಿತು, ಅಕ್ಕಿಕಾಳು ಬಿತ್ತು, ಮದುವೆ ಆಯಿತು. ಹುಡುಗ ಗಾಬರಿಯಾಗಲಿಲ್ಲ. ಕೈಯೆತ್ತಿ ‘ಸ್ವಾಮೇರ, ಒನ್ಸ್ ಮೋರ್’ ಎಂದ. ಪುರೋಹಿತರಿಗೆ ಇದು ಹೊಸದಲ್ಲ. ತಾಳಿಯ ದಾರವನ್ನು ಮದುಮಗನ ಕೈಗೆ ಮತ್ತೆ ಹಿಡಿಸಿದರು. ವಾಲಗದವರು ಕೇಳದೆಯೇ ಮತ್ತೆ ಊದಿದರು. ನನ್ನ ಪಕ್ಕದಲ್ಲಿ ಕೂತಿದ್ದ ಮುದುಕಿ ಮುಚ್ಚಿದ ಮುಷ್ಟಿ ಬಿಚ್ಚಿ ಇನ್ನೊಂದಿಷ್ಟು ಅಕ್ಕಿಕಾಳು ಎಸೆದಳು. ಮೊದಲೇ ಎರಡನೇ ಸಲಕ್ಕೆಂದು ಉಳಿಸಿಕೊಂಡಿದ್ದಳು.

ಊಟದ ಪಂಕ್ತಿಯ ಹಿಂದೆ ಅವನನ್ನು ಹಿಡಿದೆ. ಲಾರಿಯ ಶಾಟು ಎರಡನೇ ಸಲದ್ದು ಹೌದೋ ಅಲ್ಲವೋ ಎಂದೆ. ಕೈಯಲ್ಲಿದ್ದ ಹೋಳಿಗೆಯ ತಟ್ಟೆಯನ್ನು ಇನ್ನೊಂದು ಕೈಗೆ ಬದಲಿಸಿದ. ಆಮೇಲೆ, ಮೊದಲ ಸಲ ತಾನೇ ಇರಲಿಲ್ಲ, ಗಂಗಾವತಿಯಲ್ಲಿ ಮದುವೆಯಿತ್ತು ಎಂದ. ಎರಡನೇ ಸಲಕ್ಕೆ ಬೇರೆ ಗಾಡಿ ತಂದದ್ದೂ ಹೌದೆಂದ. ಹಾಗೆ ಮಾಡುವುದು ಸುಳ್ಳಲ್ಲವೇನಪ್ಪ ಎಂದಾಗ ಅವನಿಗೆ ನಿಜಕ್ಕೂ ನೋವಾಯಿತು.

“ಮಿಸ್ಸಾದದ್ದನ್ನ ಇನ್ನೊಂದ್ಸಲ ಮಾಡಸ್ತೀವ್ರಿ ಮೇಡಂ, ಅಷ್ಟ. ತಾಳಿ ಎರಡ್ಸಲ ಕಟ್ಟಿದ್ರ ಮದಿವಿ ಸುಳ್ಳಾಗ್ತೈತೇನ್ರಿ?”

ಮಿಸ್ಸಾದದ್ದು ನಿನ್ನ ಕ್ಯಾಮೆರಾನೋ, ಇನ್ಯಾರೋ ಎಂದು ಕೇಳಿದೆ. ಅವನು ಹೋಳಿಗೆಯ ತಟ್ಟೆ ನನ್ನ ಕೈಗೆ ಕೊಟ್ಟು, ಅದನ್ನು ಅವಳನ್ನೇ ಕೇಳಿ, ತಾನು ಹೇಳುವುದಲ್ಲ ಎಂದ. ಅಷ್ಟು ಮಾತಿನ ಹುಡುಗ ಅಲ್ಲಿ ಬಾಯಿ ಮುಚ್ಚಿದ್ದು ನೋಡಿ, ಒಳಗೆ ಏನೋ ದೊಡ್ಡದಿದೆ ಎಂದುಕೊಂಡೆ.

ಅವನೇ ಹೇಳಿರಬೇಕು. ಮುಂದಿನ ಭಾನುವಾರ ಹುಡುಗಿ ಒಬ್ಬಳೇ ಬಂದಳು. ಲ್ಯಾಪ್‌ಟಾಪು ತೆರೆದು ಇನ್ನೊಂದು ಶಾಟು ಹಾಕಿದಳು. ಈ ಸಲ ಕಸವೆಲ್ಲ ಇತ್ತು. ಅವಳೇ ತನ್ನ ಸಣ್ಣ ಕ್ಯಾಮೆರಾದಲ್ಲಿ ತೆಗೆದದ್ದು, ಕೈ ನಡುಗಿದೆ, ಉಸಿರಿನ ಸದ್ದು ತುಂಬಿದೆ. ಹೊಂಗೆಯ ಮರ ಇಟ್ಟಿಗೆಪುಡಿ ಎರಚಿದ ಹಾಗೆ ಕೆಂಪು. ಲಾರಿ ನಿಂತಿದೆ, ಮೂತಿಗೆ ಸೇವಂತಿಗೆ ಹಾರ, ಗಾಲಿಯ ಕೆಳಗೆ ನಿಂಬೆಹಣ್ಣು. ತಾಯಿ ಆರತಿ ತಟ್ಟೆ ಹಿಡಿದು ನಿಂತಿದ್ದಾರೆ. ಕೊಂಡವನ ಕಡೆಯ ಡ್ರೈವರು ಕ್ಯಾಬಿನ್ನಿನಲ್ಲಿ ಕೂತು ಎರಡು ಸಲ ಹಾರನ್ ಹಾಕುತ್ತಾನೆ. ಎಲ್ಲರೂ ಕಾಯುತ್ತಿದ್ದಾರೆ. ತಾಯಿ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಫೋನು ಹಚ್ಚುತ್ತಾರೆ. ಆಗ ರಿಂಗಾಗುತ್ತದೆ, ಹಳೆಯ ಕಾಲದ ಟ್ರಿಂಗ್ ಟ್ರಿಂಗ್. ಸದ್ದು ಬರುತ್ತಿರುವುದು ಲಾರಿಯೊಳಗಿನಿಂದ. ಹೊಸ ಡ್ರೈವರು ಸೀಟಿನ ಹಿಂದೆ ಕೈಹಾಕಿ ಫೋನು ತೆಗೆದು, ಏನು ಮಾಡಬೇಕೆಂದು ತಿಳಿಯದೆ, ಕಿಟಕಿಯಿಂದ ತಾಯಿಯ ಕೈಗೆ ಕೊಡುತ್ತಾನೆ. ತಾಯಿಯ ಒಂದು ಕೈಯಲ್ಲಿ ಕರೆ ಮಾಡುತ್ತಿರುವ ಫೋನು, ಇನ್ನೊಂದರಲ್ಲಿ ರಿಂಗಾಗುತ್ತಿರುವ ಫೋನು. ಆಮೇಲೆ ಲಾರಿ ನಿಂಬೆಹಣ್ಣು ಅಪ್ಪಚ್ಚಿ ಮಾಡಿಕೊಂಡು ಹೊರಡುತ್ತದೆ. ಕೆಂಪು ಧೂಳು ಎದ್ದು ಎಲ್ಲವನ್ನೂ ಮುಚ್ಚುತ್ತದೆ. ಅಪ್ಪ ಎಲ್ಲೂ ಇಲ್ಲ.

ಎಲ್ಲಿದ್ದರು ಎಂದೆ. ನಸುಕಿನಲ್ಲೇ ಎದ್ದು, ಫೋನನ್ನು ಗಾಡಿಯಲ್ಲಿಟ್ಟು, ಕಂಪ್ಲಿಯ ಬಸ್ಸು ಹತ್ತಿ ದರೋಜಿಯಲ್ಲಿ ಇಳಿದು, ಸಂಜೆಯವರೆಗೆ ಕೆರೆಯ ಏರಿಯ ಮೇಲೆ ಕೂತಿದ್ದರಂತೆ. ಜೊತೆಯ ಡ್ರೈವರುಗಳು ಕೇಳಿದರೆ ಅಲ್ಲಿನ ಕರಡಿಧಾಮದಲ್ಲಿ ಕರಡಿ ನೋಡಲು ಹೋಗಿದ್ದೆ ಎಂದರಂತೆ. ಬಾಳೆಲ್ಲ ಆ ದಾರಿಯಲ್ಲಿ ಗಾಡಿ ಹೊಡೆದ ಮನುಷ್ಯ, ತನ್ನ ಲಾರಿ ಹೋಗುವ ದಿನ ಕರಡಿ ನೋಡಲು ಹೋದ ಎಂದರೆ ಯಾರು ನಂಬುತ್ತಾರೆ? ಆದರೆ ಯಾರೂ ಎದುರಿಗೆ ಏನೂ ಅನ್ನಲಿಲ್ಲವಂತೆ. ಅವರು ಮನೆಯಲ್ಲಿ ಮಾತು ಬಿಟ್ಟರು. ಮಳೆ ಬಂದ ಮೇಲೆ ಒಂದು ದಿನ, ಹೊಸಪೇಟೆಯ ಗೆಳೆಯನೊಬ್ಬನ ಲಾರಿ ತರಿಸಿ ಅವರೇ ಕೇಳಿದರಂತೆ: ಆವತ್ತು ನಾನಿರಲಿಲ್ಲ, ಇನ್ನೊಂದು ಸಲ ತೆಗೆಯಲು ಬರುತ್ತದೇನವ್ವ ಎಂದು. ಕ್ಯಾಮೆರಾದ ಹುಡುಗನಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಮುಷ್ಟಿಯಲ್ಲಿ ಅಕ್ಕಿಕಾಳು ಉಳಿಸಿಕೊಂಡವರ ಊರಿನವನು ಅವನು.

ನಾನು ಹೇಳಿದೆ, ಈ ನಡುಗುವ ಶಾಟೇ ನಿನ್ನ ಸಿನಿಮಾ, ಆ ಚಂದದ ಶಾಟು ಅಲ್ಲ. ಅದನ್ನಿಟ್ಟರೆ ಡ್ರೈವರುಗಳು ಬೇರೆ ಗಾಡಿಯೆಂದು ಕಣ್ಣುಮುಚ್ಚಿ ಹೇಳುತ್ತಾರೆ. ಅವಳಿಗೂ ಅದು ಗೊತ್ತಿತ್ತು. ಗೊತ್ತಾದರೂ ಅವರು ಸುಮ್ಮನಿರುತ್ತಾರೆ, ಆದರೆ ಇದನ್ನು ತೋರಿಸಿದರೆ ಅಪ್ಪ ಓಡಿಹೋದದ್ದನ್ನು ತಾನೇ ಊರ ಮುಂದೆ ಸಾರಿದ ಹಾಗೆ ಎಂದಳು.

“ಸಿನಿಮಾ ನಂದಿರಬೌದ್ರಿ. ಮಕ ಅಪ್ಪಂದು.”

ಎರಡನ್ನೂ ಅವರ ಮುಂದಿಟ್ಟು ಅವರನ್ನೇ ಕೇಳೋಣ ಎಂದೆ. ಅವಳು ಹೂಂ ಎಂದಳು. ಅಪ್ಪನ ಬಾಯಿಂದ ಬೇಡ ಎನ್ನಿಸುವುದಕ್ಕೇ ಒಪ್ಪಿದಳೇನೋ ಎಂದು ಸಂಡೂರಿನವರೆಗೂ ಬಸ್ಸಿನಲ್ಲಿ ಅವಳ ಮುಖ ಓರೆಗಣ್ಣಿನಿಂದ ನೋಡುತ್ತಿದ್ದೆ.

ಅಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ಲಾರಿ ನಿಲ್ಲುತ್ತಿದ್ದ ಜಾಗದಲ್ಲಿ ಆಯಿಲ್ಲಿನ ಕಪ್ಪು ಕಲೆ ಇನ್ನೂ ಇತ್ತು. ಅದನ್ನು ತುಳಿಯದೆ ಸುತ್ತಿ ಬಂದು ‘ಬರ್ರಿ, ಕುಂದ್ರಿ’ ಎಂದರು. ಹುಡುಗಿ ಮೊದಲು ಚಂದದ ಶಾಟು ಹಾಕಿದಳು. ಅವರು ಪರೀಕ್ಷೆಯ ಫಲಿತಾಂಶ ನೋಡುವವರ ಹಾಗೆ ತಲೆಯಾಡಿಸಿದರು. ಆಮೇಲೆ ಮೇ ತಿಂಗಳದ್ದು ಹಾಕಿದಳು. ತನ್ನ ಲಾರಿ ಹೋಗುವುದನ್ನು ಅವರು ಆವರೆಗೆ ನೋಡಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಫೋನು ರಿಂಗಾದಾಗ ಅಡುಗೆಮನೆಯಿಂದ ತಾಯಿ ಹೊರಗೆ ಬಂದು ಬಾಗಿಲಲ್ಲಿ ನಿಂತರು. ಲಾರಿ ಕದಲಿದಾಗ ಅಪ್ಪನ ಎಡಗಾಲು ನೆಲವನ್ನು ಒತ್ತಿತು. ಆ ಮಗ ಕ್ಲಚ್ಚು ಬಿಡುವುದನ್ನು ಇನ್ನೂ ಕಲಿಯಬೇಕು ಎಂದು ಗೊಣಗಿದರು. ಇನ್ನೊಮ್ಮೆ ಹಾಕಿಸಿದರು. ಮತ್ತೂ ಒಮ್ಮೆ.

ಆಮೇಲೆ ನನ್ನ ಕಡೆ ತಿರುಗಿದರು. “ಆ ಗಾಡಿ ನೋಡಿ ನಂಗ ಅಳು ಬರ್ಲಿಲ್ರಿ ಮೇಡಂ. ನಾ ಓಡಿ ಹೋಗಿದ್ದು ನೆನಪಾಗಿ ಬಂತು. ಅದ್ರಾಗ ನಾನದೀನಿ, ಗಾಡಿ ನಂದಲ್ಲ. ಇದ್ರಾಗ ಗಾಡಿ ನಂದು, ನಾನಿಲ್ಲ.” ಅಂಗಡಿಯಲ್ಲಿ ಬೇರೆ ಸೈಜು ಕೇಳುವವರ ಹಾಗೆ ಮೆಲ್ಲಗೆ ಕೇಳಿದರು. “ಎರಡನ್ನೂ ಕೂಡಸಾಕ ಬರ್ತೈತೇನ್ರಿ? ನನ್ನ ಗಾಡಿ ಹೊಂಟಾಗ ನಾ ಅಲ್ಲೇ ನಿಂತಂಗ?”

ಬರುತ್ತದೆ. ಬಾರದೆ ಏನು? ಅವರ ಲಾರಿ ಹೊರಡುವುದು, ಅವರ ಕೈ ಮೇಲೇಳುವುದು, ಮತ್ತೆ ಲಾರಿ, ಮತ್ತೆ ಟವೆಲು. ನಾನು ಜೀವಮಾನವಿಡೀ ಮಾಡಿದ್ದು ಅದನ್ನೇ. ಎಲೆಯ ಬಣ್ಣ ಅಡ್ಡಿಯೇ ಅಲ್ಲ. ಈಗಿನ ಕಂಪ್ಯೂಟರಿನಲ್ಲಿ ಚಹಾ ಆರುವಷ್ಟರಲ್ಲಿ ಹಸಿರನ್ನು ಕೆಂಪು ಮಾಡಬಹುದು. ಯಾರಿಗೂ, ನನ್ನಂಥ ಅನುಮಾನದವಳಿಗೂ, ತಿಳಿಯುವುದಿಲ್ಲ. ಆ ಮನುಷ್ಯನ ಮುಖ ನೋಡುತ್ತ, ಹಂಪಿಯ ಬಾಳೆತೋಟದಲ್ಲಿ ನಾನು ಕೊಟ್ಟ ಉಪದೇಶವೆಲ್ಲ ಗಾಳಿಗೆ ಹೋಯಿತು. “ಬರ್ತೈತ್ರಿ” ಎಂದೆ. ಮಾಡಿಕೊಡಲು ಕೈ ತುರಿಸುತ್ತಿತ್ತು, ನಿಜ ಹೇಳಬೇಕೆಂದರೆ.

ಹುಡುಗಿ ಲ್ಯಾಪ್‌ಟಾಪಿನ ಪರದೆಯನ್ನು ದುಪಟ್ಟಾದಿಂದ ಒರೆಸಿದಳು. ಅಪ್ಪನ ಕಡೆ ನೋಡಲಿಲ್ಲ.

“ಬ್ಯಾಡಪ್ಪ. ಎಲಿ ಬಣ್ಣ ಬ್ಯಾರೆ ಐತಿ.”

ಬಣ್ಣ ಬದಲಿಸಬಹುದೆಂದು ಅವಳಿಗೆ ಗೊತ್ತಿತ್ತು. ನಾನೇ ಕಲಿಸಿದ್ದೆ. ಪೈಪಿನ ಕಥೆ ಕಟ್ಟಿದವಳು ಇವಳೇನಾ ಎಂದು ನೋಡಿದೆ. ಅಪ್ಪ ಎದ್ದು ಹೋಗಿಬಿಡುತ್ತಾರೆ, ಮಗಳ ಜೊತೆ ಮಾತು ಬಿಡುತ್ತಾರೆ, ಎಲ್ಲ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಅವರು ಹೊಂಗೆಯ ಮರದ ಕಡೆ ತಲೆಯೆತ್ತಿದರು. ಮಳೆಗಾಲ ಇನ್ನೂ ಮುಗಿದಿರಲಿಲ್ಲ, ಮರ ಹಸಿರಾಗಿತ್ತು.

“ಹೌದವ್ವ” ಎಂದರು. “ನಡುವ ಮಳಿ ಬಂದೈತಿ.”

ಹಾಗಾದರೆ ಯಾವುದನ್ನು ಇಡುವುದೆಂದು ನಾನು ಕೇಳಹೋದಾಗ ತಾಯಿ ಬಾಗಿಲಿನಿಂದ, ಅಕ್ಕಾರ, ಊಟ ಮಾಡಿಕೊಂಡೇ ಹೋಗಬೇಕು ಎಂದರು. ಊಟಕ್ಕೆ ಕೂತಾಗ, ಮಗಳು ಮೊದಲ ರೊಟ್ಟಿಯನ್ನು ಅಪ್ಪನ ತಟ್ಟೆಗೆ ಹಾಕಿ, ಮೇ ತಿಂಗಳದ್ದು ಇಡುತ್ತೇನೆ ಎಂದಳು. ಅವರು ರೊಟ್ಟಿ ಮುರಿದರು. ಅದನ್ನು ನಾನು ಒಪ್ಪಿಗೆ ಎಂದುಕೊಳ್ಳಲಿಲ್ಲ.

ಸಿನಿಮಾ ತೋರಿಸಿದ್ದು ಸಂಡೂರಿನ ಕಲ್ಯಾಣಮಂಟಪವೊಂದರ ಊಟದ ಹಾಲಿನಲ್ಲಿ. ಕಂಪ್ಲಿಯ ಹುಡುಗನಿಗೆ ಅಲ್ಲಿ ಮಧ್ಯಾಹ್ನದವರೆಗೆ ಮದುವೆಯಿತ್ತು. ತಾಳಿ ಕಟ್ಟುವುದನ್ನು ಊಟದ ಹಾಲಿನವರಿಗೆ ತೋರಿಸಲು ಹಾಕಿದ್ದ ಪರದೆಯನ್ನೇ ಉಳಿಸಿಕೊಂಡು, ಕಿಟಕಿಗಳಿಗೆ ಜಮಖಾನ ಕಟ್ಟಿ ಕತ್ತಲು ಮಾಡಿದ. ಸಾರಿನ ವಾಸನೆ ಇನ್ನೂ ಹೋಗಿರಲಿಲ್ಲ. ಡ್ರೈವರುಗಳು, ಕ್ಲೀನರುಗಳು, ಹೆಂಗಸರು, ಹುಡುಗಿಯ ಶಾಲೆಯ ಟೀಚರುಗಳು ಬಂದು ಕೂತರು. ಅಪ್ಪ ಎಲ್ಲರಿಗಿಂತ ತಡವಾಗಿ ಬಂದು, ಮುಂದೆ ಬನ್ನಿ ಎಂದು ಎಷ್ಟು ಕರೆದರೂ ಕೇಳದೆ, ಬಾಗಿಲ ಪಕ್ಕದ ಕುರ್ಚಿ ಹಿಡಿದರು. ಈ ಆಸಾಮಿ ಮತ್ತೆ ದರೋಜಿಯ ಬಸ್ಸು ಹತ್ತುತ್ತಾರೆ ಎಂದುಕೊಂಡು ನಾನೂ ಎದ್ದು ಹೋಗಿ ಅವರ ಹಿಂದೆ, ಬಾಗಿಲಿಗೆ ಇನ್ನೂ ಹತ್ತಿರ ಕೂತೆ. ಪರದೆ ನೋಡಲಿಲ್ಲ, ಅವರ ಬೆನ್ನನ್ನೇ ನೋಡುತ್ತಿದ್ದೆ.

ಟೈರು ತಟ್ಟುವಾಗ ಡ್ರೈವರುಗಳು ನಕ್ಕರು. ಗಾಲಿಯ ಮುಂದೆ ತುತ್ತಿಟ್ಟಾಗ ನಗಲಿಲ್ಲ. ಕೊನೆಗೆ ಕೆಂಪು ಹೊಂಗೆಯ ಮರ ಬಂತು, ಹಾರ ಹಾಕಿದ ಲಾರಿ ಬಂತು, ಎರಡು ಹಾರನ್ ಆದವು. ಎಲ್ಲರೂ ಪರದೆಯಲ್ಲಿ ಅವರನ್ನು ಹುಡುಕಿದರು. ಕೆಲವರು ತಿರುಗಿ ಹಾಲಿನಲ್ಲೂ ಹುಡುಕಿದರು. ಫೋನು ರಿಂಗಾಯಿತು. ಕತ್ತಲಲ್ಲಿ ಅಪ್ಪನ ಕೈ ತನ್ನಷ್ಟಕ್ಕೆ ಅಂಗಿಯ ಜೇಬಿಗೆ ಹೋಯಿತು. ಜೇಬಿನಲ್ಲಿ ಫೋನಿತ್ತು, ಅದು ರಿಂಗಾಗುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿ ತಿರುಗಿ ನೋಡಲಿಲ್ಲ.

ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಅಪ್ಪ ಎದ್ದರು.

ನಾನು ಅಂದುಕೊಂಡದ್ದೇ ಆಯಿತು ಎಂದು ನಾನೂ ಅರ್ಧ ಎದ್ದೆ, ಬಾಗಿಲಿಗೆ ಅಡ್ಡ ನಿಲ್ಲಲೋ, ದಾರಿ ಬಿಡಲೋ ಗೊತ್ತಿಲ್ಲ. ಅವರು ಬಾಗಿಲ ಕಡೆ ತಿರುಗಲಿಲ್ಲ. ಹೆಗಲ ಟವೆಲು ಸರಿಮಾಡಿಕೊಂಡು, ನೆಂಟರನ್ನು ಕಳಿಸಲು ಎದ್ದವರ ಹಾಗೆ ನೆಟ್ಟಗೆ ನಿಂತು, ಕೈಯೆತ್ತಿದರು. ಅವರ ಕೈ ಪರದೆಯ ಬೆಳಕಿಗೆ ಅಡ್ಡ ಬಂದು ನನಗೆ ಲಾರಿ ಸರಿಯಾಗಿ ಕಾಣಲಿಲ್ಲ. ಹತ್ತಿರ ಕೂತ ಡ್ರೈವರುಗಳು ಒಮ್ಮೆ ತಿರುಗಿ ನೋಡಿ, ಮತ್ತೆ ಪರದೆಯ ಕಡೆ ಮುಖ ಮಾಡಿದರು. ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ. ಪರದೆಯ ಮೇಲೆ ಕೆಂಪು ಧೂಳು ಅಡಗುವವರೆಗೂ ಅವರ ಕೈ ಕೆಳಗಿಳಿಯಲಿಲ್ಲ.